ಗಾಡಿ ನಂದು, ರೊಕ್ಕ ನಂದು, ಮ್ಯಾನ್ಯುವಲ್ ಮಾತ್ರ ನನಗ ಕೊಡೂದಿಲ್ಲಂತ

ರವಿವಾರ ಮುಂಜಾನೆ ಉಣಕಲ್ಲಿನ ನಮ್ಮ ಮನಿ ಅಂಗಳದಾಗ ಗಾಡಿ ಆಯಿಲ್ ಬದಲಿ ಮಾಡಾಕ ಕುಂತಿದ್ದೆ. ಹಳೆ ಆಯಿಲ್ ಬಿಡೂ ಡ್ರೇನ್ ಬೋಲ್ಟ್ ತಿರುಗಿ ಬಿಗಿ ಮಾಡೂಮುಂದ ಥ್ರೆಡ್ ಕಿತ್ಕೊಂಡು ಬಂತು. ಬೋಲ್ಟ್ ಉಕ್ಕಿಂದು, ಎಂಜಿನ್ ಬಾಡಿ ಅಲ್ಯೂಮಿನಿಯಂ. ಜಾಸ್ತಿ ತಿರುವಿದ್ರ ಹಾಳಾಗೂದು ಎಂಜಿನ್ನ. ನಾ ಏನ್ ಕಣ್ಣು ಮುಚ್ಚಿ ತಿರುವಿಲ್ರಿ. ಬೋಲ್ಟ್ ತಿರುವೂ ಬಲ, ಅಂದ್ರ ಟಾರ್ಕ್, ಅಳಿಯೂ ಟಾರ್ಕ್ ರೆಂಚ್ ಹಿಡಕೊಂಡು, ಒಂದು ಝೆರಾಕ್ಸ್ ಮ್ಯಾನ್ಯುವಲ್ಲಿನಾಗಿನ ಅಂಕಿ ನೋಡೇ ತಿರುವೇನಿ. ಆ ಅಂಕೀನ ತಪ್ಪು!

ಗಾಡಿ ಜೋಡಿ ಕೊಟ್ಟ ಪುಸ್ತಕದಾಗ ಹೆಲ್ಮೆಟ್ ಹಾಕ್ರಿ, ಚೈನಿಗೆ ಎಣ್ಣಿ ಬಿಡ್ರಿ, ಟೈರಿಗೆ ಇಷ್ಟು ಗಾಳಿ ಹೊಡಸ್ರಿ, ಇಷ್ಟ. ಟ್ಯಾಪೆಟ್ ಗ್ಯಾಪ್ (ಎಂಜಿನ್ ವಾಲ್ವಿನ ಸಂದು) ಎಷ್ಟು, ಯಾವ ಬೋಲ್ಟಿಗೆ ಎಷ್ಟು ಟಾರ್ಕ್ ಅಂತ ಹುಡುಕಿದ್ರ ಸರ್ವಿಸ್ ಸೆಂಟರಿಗೆ ಹೋಗ್ರಿ ಅಂತ ಬರದಾರ. ಶೋರೂಮಿಗೆ ಹೋಗಿ ಸರ್ವಿಸ್ ಮ್ಯಾನ್ಯುವಲ್ ಕೇಳಿದೆ. "ಅದನ್ನ ಗಿರಾಕಿಗೆ ಕೊಡೂದಿಲ್ರಿ ಸರ, ಗಾಡೀನ ಇಲ್ಲಿ ತಗೊಂಡ ಬರ್ರಿ" ಅಂದ್ರು. ಧಾರವಾಡದ ಸುಭಾಸ ರೋಡಿನಾಗ ಪುಸ್ತಕದಂಗಡಿ ಎಲ್ಲಾ ಅಡ್ಡಾಡಿದೆ. ಐಟಿಐ ಹುಡುಗರು ಓದೂ ಪುಸ್ತಕ ಸಿಕ್ಕುವು. ಎಂಜಿನ್ ಹೆಂಗ ಓಡತೈತಿ ಅಂತ ಛಲೋ ಹೇಳತಾವ, ಖರೆ. ನನ್ನ ಗಾಡಿ ಅಂಕಿ ಅದರಾಗ ಎಲ್ಲಿಂದ ಬರಬೇಕು?

ಕಡೀಕ ಹುಬ್ಬಳ್ಳ್ಯಾಗ ಒಬ್ಬಾಂವ "ನಿಮ್ಮ ಗಾಡೀದ ಐತ್ರಿ" ಅಂತ 600 ರೂಪಾಯಿ ತಗೊಂಡು ಝೆರಾಕ್ಸ್ ಮ್ಯಾನ್ಯುವಲ್ ಕೊಟ್ಟ. ಮನೀಗೆ ಬಂದು ತಗದ್ರ ಕಾರ್ಬುರೇಟರ್ ಚಿತ್ರ! ನಂದು 2021ರ ಗಾಡಿ. 2020ರ ಏಪ್ರಿಲ್ 1ಕ್ಕ ಗಾಡಿ ಹೊಗಿ ಕಡಿಮಿ ಮಾಡೂ ಬಿಎಸ್-6 ನಿಯಮ ಬಂತಲ್ಲ, ಆವಾಗಿಂದ ನನ್ನ ಮಾಡೆಲ್ಲಿಗೆ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್. ವೈರಿಂಗ್ ಬ್ಯಾರೆ, ಸೆನ್ಸರಿನ ಹೆಸರ ಇಲ್ಲ. ಹೋಗ್ಲಿ, ಬೋಲ್ಟ್ ಅವs ಇರತಾವ ಅಂತ ಟಾರ್ಕ್ ಪಟ್ಟಿ ಒಂದನ್ನ ನಂಬಿದೆ. ಆ ಹಾಳಿನೂ ಝೆರಾಕ್ಸಿನಾಗ ಸೊಟ್ಟ ಬಂದೈತಿ. ಡ್ರೇನ್ ಬೋಲ್ಟಿನ ಮುಂದ ಹಿಂದಿನ ಗಾಲಿ ಆಕ್ಸಲ್ ನಟ್ಟಿನ ಅಂಕಿ ಬಂದು ಕುಂತೈತಿ, 59 ನ್ಯೂಟನ್ ಮೀಟರ್! ಅದರ ಅರ್ಧ ಹಾಕಿದ್ರೂ ಸಾಕಾಗತಿತ್ತು.

ಹಾಳಾದ ಥ್ರೆಡ್ಡಿನ ಜಾಗಾದಾಗ ಹೆಲಿಕಾಯಿಲ್, ಅಂದ್ರ ಹೊಸಾ ಥ್ರೆಡ್ಡಿನ ತಂತಿ ಸುರುಳಿ, ಕೂಡಿಸಬೇಕಪಾ, ಎರಡ ದಿನಾ ಬಿಡು ಅಂದಾರ ಗ್ಯಾರೇಜಿನ ಕಾಕಾ. ನಾಳೆ ಡ್ಯೂಟಿಗೆ ಗದಗಕ್ಕ ಬಸ್ ಹಿಡಿಬೇಕು.

ಲಕ್ಷದ ಹತ್ರ ರೊಕ್ಕ ಎಣಿಸಿ ತಗೊಂಡ ಗಾಡಿ ಇದು. ಅದರ ಬೋಲ್ಟಿನ ಅಂಕಿ ಒಂದು ಹಾಳಿ ಮ್ಯಾಲ, ಕನ್ನಡದಾಗ, ಬರದು ಕೊಡಾಕ ನಿಮಗೇನ್ರಿ ಧಾಡಿ?