ಎರಡನೇ ಹಂಡೆಯ ಪ್ಲಗ್ಗು

ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಪ್ರಾರ್ಥನಾ ಪುಸ್ತಕ ಸಾವಿರ ಪುಟದ್ದು. ಈಗ ಬಳಕೆಯಲ್ಲಿರುವ 1979ರ ಆವೃತ್ತಿಯ ಕೊನೆಯ ಕಡೆಗೆ 2089ನೇ ಇಸವಿಯವರೆಗಿನ ಈಸ್ಟರ್ ತಾರೀಖುಗಳ ಪಟ್ಟಿಯೇ ಇದೆ. ಇನ್ನೂ ಹುಟ್ಟದವರ ಈಸ್ಟರಿಗೂ ವ್ಯವಸ್ಥೆ ಮಾಡಿಟ್ಟ ಪುಣ್ಯಾತ್ಮರು, ಬರುವ ಭಾನುವಾರ ಎರಡನೇ ಕಾಫಿ ಹಂಡೆಯನ್ನು ಯಾವ ಪ್ಲಗ್ಗಿಗೆ ಚುಚ್ಚಬೇಕು ಅನ್ನುವುದನ್ನು ಮಾತ್ರ ಬರೆಯದೆ ಬಿಟ್ಟಿದ್ದಾರೆ.

ಇದು ಸಣ್ಣ ಲೋಪವಲ್ಲ. ಆರಾಧನೆ ಮುಗಿದ ಮೇಲೆ ಪ್ಯಾರಿಷ್ ಹಾಲ್‌ನಲ್ಲಿ, ಅಂದರೆ ಚರ್ಚಿನ ಸಭಾಂಗಣದಲ್ಲಿ, ನಡೆಯುವ ಕಾಫಿ ಕೂಟವನ್ನು ಅಲ್ಲಿನವರೇ ತಮಾಷೆಗೆ ಏಳು ಪವಿತ್ರ ಸಂಸ್ಕಾರಗಳ ಮೇಲೆ ಎಂಟನೇ ಸಂಸ್ಕಾರ ಅನ್ನುತ್ತಾರೆ. ಚಹಾವನ್ನು ಬಾಸ್ಟನ್ ಬಂದರಿನ ನೀರಿಗೆ ಸುರಿದು ರಾಜನ ಮೇಲೆ ಸಿಟ್ಟು ತೀರಿಸಿಕೊಂಡ ದೇಶ ಅದು, ಕಾಫಿಗೆ ಇಷ್ಟು ನಿಷ್ಠೆ ಇರುವುದರಲ್ಲಿ ಆಶ್ಚರ್ಯವೇನಿಲ್ಲ. ಕಾಫಿ ಕಾಯುವುದು ಪರ್ಕೊಲೇಟರ್ ಎಂಬ ಹಂಡೆಯಲ್ಲಿ. ಹಂಡೆಯ ಮೈಮೇಲೆ ‘100 ಕಪ್’ ಎಂದಿರುತ್ತದೆ. ಅದು ತಯಾರಕರ ಕಪ್ಪು, 5 ಔನ್ಸಿನದು, ನಮ್ಮ ಲೆಕ್ಕದಲ್ಲಿ ಸುಮಾರು 150 ಮಿಲಿ. ಭಕ್ತರು ಕೈಯಲ್ಲಿ ಹಿಡಿದು ಬರುವ ಮಗ್ಗು 10 ಔನ್ಸಿನದು. ಹಾಗಾಗಿ ನೂರು ಕಪ್ಪಿನ ಹಂಡೆ ಐವತ್ತು ಜನಕ್ಕೆ ಸಾಲುತ್ತದೆ, ಎಂಬತ್ತು ಜನ ಬರುವ ಸಭೆಗೆ ಎರಡು ಹಂಡೆ ಬೇಕೇ ಬೇಕು.

ಒಂದೊಂದು ಹಂಡೆ 1500 ವ್ಯಾಟಿನದು. ಅಮೆರಿಕದ ಗೋಡೆಯಲ್ಲಿ ಬರುವುದು 120 ವೋಲ್ಟು. ಭಾಗಿಸಿದರೆ ಹಂಡೆಗೆ ಹನ್ನೆರಡೂವರೆ ಆಂಪಿಯರ್, ಎರಡು ಹಂಡೆಗೆ 25. ಹಳೇ ಸಭಾಂಗಣಗಳಲ್ಲಿ ಅಡುಗೆಕೋಣೆಯ ಒಂದು ಗೋಡೆಯ ಪ್ಲಗ್ಗುಗಳೆಲ್ಲ ಸೇರಿ ಒಂದೇ ಬ್ರೇಕರಿಗೆ (ಭಾರ ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚಿಗೆ) ಬಂದಿರುತ್ತವೆ, ಅದರ ತಾಕತ್ತು 20. ಈ ಬ್ರೇಕರ್ ತಕ್ಷಣ ಬಿದ್ದುಬಿಟ್ಟಿದ್ದರೆ ಒಳ್ಳೆಯದಿತ್ತು. ಐದು ಆಂಪಿನ ಹೆಚ್ಚಿನ ಭಾರವನ್ನು ಅದು ಕೆಲವು ನಿಮಿಷ ಬಡವರ ಮನೆಯ ಹಿರಿಮಗನ ಹಾಗೆ ಹಲ್ಲುಕಚ್ಚಿ ಹೊರುತ್ತದೆ. ಅಷ್ಟರಲ್ಲಿ ಹಂಡೆ ಹಚ್ಚಿದವರು ಕೆಂಪು ದೀಪ ಹತ್ತಿದ್ದನ್ನು ಕಣ್ಣಾರೆ ನೋಡಿ, ಏಪ್ರನ್ ಬಿಚ್ಚಿ, ಆರಾಧನೆಗೆ ಹೋಗಿ ಕೂತಿರುತ್ತಾರೆ. ಆಮೇಲೆ ಬ್ರೇಕರ್ ಬೀಳುತ್ತದೆ. ಸಭಾಂಗಣದಲ್ಲಿ ಯಾರೂ ಇಲ್ಲ. ಒಂದು ಗಂಟೆ ಕಳೆದು ಎಂಬತ್ತು ಜನ ಪರಸ್ಪರ ಸಮಾಧಾನ ಹಾರೈಸಿಕೊಂಡು ಬಂದು ನಲ್ಲಿ ತಿರುಗಿಸಿದರೆ, ಅರಿಶಿನ ನೀರಿನ ಬಣ್ಣದ ಉಗುರುಬೆಚ್ಚಗಿನದೊಂದು ದ್ರವ ಬರುತ್ತದೆ. ಸಮಾಧಾನ ಅಲ್ಲಿಗೆ ಮುಗಿಯಿತು.

ಬ್ರೇಕರ್ ಬೀಳದಿದ್ದರೂ ಕೆಡಿಸುವ ದಾರಿಗಳಿವೆ. ಬೇಗ ಆಗಲಿ ಎಂದು ಬಿಸಿನೀರು ತುಂಬಿಸುವುದು ಮೊದಲನೆಯದು. ಪರ್ಕೊಲೇಟರ್ ಅಳೆಯುವುದು ಹೊತ್ತನ್ನಲ್ಲ, ಶಾಖವನ್ನು. ತಣ್ಣೀರಿನಿಂದ ಶುರುಮಾಡಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಗೊಳಗೊಳ ಎಂದು ಪುಡಿಯ ಮೇಲೆ ಮತ್ತೆ ಮತ್ತೆ ಸುರಿದರೇನೇ ಕಾಫಿ. ಬಿಸಿನೀರು ಹಾಕಿದರೆ ಕೆಲಸ ಮುಗಿಯಿತು ಎಂದು ಬೇಗ ನಿಂತುಬಿಡುತ್ತದೆ. ಎರಡನೆಯದು ಪುಡಿ. ನೂರು ಕಪ್ಪಿನ ಹಂಡೆಗೆ ಅಳತೆಯ ಕಪ್ಪಿನಲ್ಲಿ ಆರು ಕಪ್ಪು ತರಿತರಿ ಪುಡಿ ಬೇಕು. ಚಿಕ್ಕಮಗಳೂರಿನಿಂದ ಬಂದವರು ಪ್ರೀತಿಯಿಂದ ತಂದುಕೊಟ್ಟ ಚಿಕೋರಿ ಬೆರೆಸಿದ ನುಣ್ಣನೆ ಫಿಲ್ಟರ್ ಪುಡಿ ಹಾಕಿದರೆ ಬುಟ್ಟಿಯ ತೂತು ಕಟ್ಟಿಕೊಂಡು, ನೀರು ಮೇಲಿನಿಂದ ಉಕ್ಕಿ, ಚರಟವೆಲ್ಲ ಕೆಳಗಿಳಿಯುತ್ತದೆ. ಉದ್ದೇಶ ಒಳ್ಳೆಯದೇ ಇತ್ತು.

ಕನ್ನಡದವರು ಅಲ್ಲಿ ಯಾಕೆ ಎಂದು ಕೇಳಬಹುದು. ಸ್ವಾತಂತ್ರ್ಯ ಬಂದ ಮೇಲೆ ಅಮೆರಿಕದ ಆಂಗ್ಲಿಕನ್ನರಿಗೆ, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯವರಿಗೆ, ಇಂಗ್ಲೆಂಡಿನ ರಾಜನಿಗೆ ವಿಧೇಯತೆಯ ಪ್ರಮಾಣ ಮಾಡದೆ ಬಿಷಪ್ ಸಿಗುವ ಹಾಗಿರಲಿಲ್ಲ. ಸ್ಯಾಮ್ಯುಯೆಲ್ ಸೀಬರಿ ಎನ್ನುವವರು ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೋಗಿ 1784ರಲ್ಲಿ ಬಿಷಪ್ ಆಗಿ ಬಂದರು, 1789ರಲ್ಲಿ ಚರ್ಚು ತನ್ನದೇ ಪ್ರಾರ್ಥನಾ ಪುಸ್ತಕ ಮಾಡಿಕೊಂಡಿತು. ರಾಜನನ್ನು ಬಿಟ್ಟರೂ ಕಮಿಟಿಗಳನ್ನು ಬಿಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕೂಡ ಇದೇ ಬಳಗದ್ದು. ಹಾಗಾಗಿ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚಿನ ಕಡೆಯವರು ಅಲ್ಲಿಗೆ ಹೋದರೆ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂದು ಪಕ್ಕದವರನ್ನು ನೋಡಬೇಕಾಗುವುದಿಲ್ಲ. ಆಂಗ್ಲಿಕನ್ ಅಲ್ಲದ ಬಾಸೆಲ್ ಮಿಷನ್ ಪರಂಪರೆಯ ಮಂಗಳೂರು, ಧಾರವಾಡದವರು ಮೊದಲ ನಾಲ್ಕು ವಾರ ಒಂದು ಕ್ಷಣ ತಡವಾಗಿ ಏಳುತ್ತಾರೆ, ಒಂದು ಕ್ಷಣ ತಡವಾಗಿ ಕೂರುತ್ತಾರೆ. ಆಮೇಲೆ ಸರಿಹೋಗುತ್ತದೆ.

ಚರ್ಚಿನ ಆಡಳಿತ ನೋಡಿಕೊಳ್ಳುವ ನಮ್ಮ ಪಾಸ್ಟರೇಟ್ ಕಮಿಟಿಯ ಜಾಗದಲ್ಲಿ ಅಲ್ಲಿ ವೆಸ್ಟ್ರಿ. ಅದರಲ್ಲಿ ಇಬ್ಬರು ವಾರ್ಡನ್ನರು. ಸೀನಿಯರ್ ವಾರ್ಡನ್‌ಗೆ ಊರಿನ ದೂರು, ಜೂನಿಯರ್ ವಾರ್ಡನ್‌ಗೆ ಸೂರಿನ ದೂರು. ಬಾಯ್ಲರ್, ಚಾವಣಿ, ಗಟಾರ, ಬ್ರೇಕರ್ ಪೆಟ್ಟಿಗೆಯ ಬೀಗದ ಕೈ, ಎಲ್ಲ ಇವರ ಪಾಲು. ಬೀಗದ ಕೈ ಇರುತ್ತದೆ, ಯಾವ ಸ್ವಿಚ್ಚು ಯಾವುದಕ್ಕೆ ಅನ್ನುವ ಚೀಟಿ ಇರುವುದಿಲ್ಲ. ಆ ವಿದ್ಯೆ ಇರುವುದು ಮೂವತ್ತು ವರ್ಷದಿಂದ ಅಡುಗೆಕೋಣೆ ನೋಡಿಕೊಳ್ಳುವ ಅಜ್ಜಿಯೊಬ್ಬರ ತಲೆಯಲ್ಲಿ. ಎಲ್ಲ ಪ್ಯಾರಿಷ್‌ನಲ್ಲೂ ಇಂಥ ಅಜ್ಜಿ ಒಬ್ಬರಿರುತ್ತಾರೆ, ಮತ್ತು ಅವರು ಮಗಳ ಮನೆಗೆ ಹೋದ ವಾರವೇ ಬಿಷಪ್ ಭೇಟಿ ಇರುತ್ತದೆ.

ಶರತ್ಕಾಲ ಬಂತೆಂದರೆ ಸ್ಟೀವರ್ಡ್‌ಶಿಪ್ ಹಂಗಾಮು. ಕನ್ನಡದಲ್ಲಿ ಪಾರುಪತ್ಯ ಅಂದರೆ ಅರ್ಧ ವಿವರಣೆ ಉಳಿಯುತ್ತದೆ. ಆಸ್ತಿ ದೇವರದು, ನಾವು ಪಾರುಪತ್ಯಗಾರರು, ಲೆಕ್ಕ ಒಪ್ಪಿಸಬೇಕು. 1982ರ ಮಹಾಸಭೆಯಲ್ಲಿ ದಶಮಾಂಶವನ್ನು (ಆದಾಯದ ಹತ್ತರಲ್ಲೊಂದು ಪಾಲನ್ನು) ಕಾಣಿಕೆಯ ಕನಿಷ್ಠ ಮಟ್ಟ ಎಂದು ಠರಾವು ಮಾಡಿಕೊಂಡಿದ್ದಾರೆ. ‘ಕನಿಷ್ಠ’ ಎಂಬ ಶಬ್ದವನ್ನು ಅವರು ಓದಿದ ಹಾಗೂ ಪ್ಯಾರಿಷ್ ಜನ ಕೇಳಿಸಿಕೊಂಡ ರೀತಿಯಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಅದು ಹಾಗಿರಲಿ. ಮುಂದಿನ ವರ್ಷ ಎಷ್ಟು ಕೊಡುತ್ತೇವೆಂದು ಪ್ರತಿ ಮನೆಯೂ ಒಂದು ಕಾರ್ಡಿನಲ್ಲಿ ಬರೆದುಕೊಡುತ್ತದೆ, ವೆಸ್ಟ್ರಿ ಅದನ್ನು ಕೂಡಿಸಿ ಬಜೆಟ್ ಮಾಡುತ್ತದೆ.

ಕಾರ್ಡಿನಲ್ಲಿ ಮೊತ್ತಕ್ಕೊಂದು ಗೆರೆ, ಅದರ ಕೆಳಗೆ ವಾರಕ್ಕೆ, ತಿಂಗಳಿಗೆ, ವರ್ಷಕ್ಕೆ ಎಂದು ಮೂರು ಚೌಕ. ಜನ ಗೆರೆಯ ಮೇಲೆ 20 ಎಂದು ಬರೆದು, ಚೌಕಕ್ಕೆ ಗುರುತು ಹಾಕದೆ, ಮಡಚಿ ತಟ್ಟೆಗೆ ಹಾಕುತ್ತಾರೆ. ವಾರಕ್ಕಾದರೆ ಅದು 1040 ಡಾಲರ್, ತಿಂಗಳಿಗಾದರೆ 240, ವರ್ಷಕ್ಕಾದರೆ ಬರೀ 20. ಇಂಥ ಹತ್ತು ಕಾರ್ಡು ಬಂದರೆ ಬಾಯ್ಲರ್ ರಿಪೇರಿ ಆಗುತ್ತದೆಯೋ, ಒಂದು ಡಬ್ಬಿ ಕ್ಯಾಂಡಲ್ ಬರುತ್ತದೆಯೋ ಹೇಳಲು ಬರುವುದಿಲ್ಲ. ಖಜಾಂಚಿ ಫೋನ್ ಮಾಡುತ್ತಾರೆ.

“ಇಪ್ಪತ್ತು ಅಂತ ಬರೆದಿದ್ದೀರಿ, ವಾರಕ್ಕೋ ತಿಂಗಳಿಗೋ?”

“ಹೋದ ವರ್ಷ ಎಷ್ಟಿತ್ತೋ ಅಷ್ಟೇ.”

“ಹೋದ ವರ್ಷವೂ ಗುರುತು ಹಾಕಿರಲಿಲ್ಲ.”

“ಹಾಗಾದರೆ ಅಷ್ಟೇ ಇರಲಿ ಬಿಡಿ.”

ಕಾರ್ಡು ಕೊಟ್ಟವರಿಗೆ ವರ್ಷಾರಂಭದಲ್ಲಿ ಒಂದು ಲಕೋಟೆ ಪೆಟ್ಟಿಗೆ ಸಿಗುತ್ತದೆ, ವಾರಕ್ಕೊಂದರಂತೆ 52, ಹಬ್ಬಗಳಿಗೆ ಬೇರೆ. ಲಕೋಟೆಯ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಕೊಡುವವರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಪ್ರತಿ ವರ್ಷ ಹೊಸದಾಗಿ ನಂಬರು ಹಾಕುವ ಕಡೆಗಳಲ್ಲಿ ಒಂದು ಮನೆ ಬಿಟ್ಟುಹೋದರೆ ಅದರ ಕೆಳಗಿನವರ ನಂಬರೆಲ್ಲ ಒಂದೊಂದು ಮೇಲಕ್ಕೆ ಸರಿಯುತ್ತದೆ. ಹಳೇ ಪೆಟ್ಟಿಗೆಯಲ್ಲಿ ಲಕೋಟೆ ಉಳಿದಿದೆ, ಎಸೆಯುವುದೇಕೆ ಎಂದು ಮಿತವ್ಯಯ ಮಾಡುವವರ ಕಾಣಿಕೆ ಇಡೀ ವರ್ಷ ಪಕ್ಕದ ಸಾಲಿನವರ ಖಾತೆಗೆ ಜಮಾ ಆಗುತ್ತದೆ. ಪಕ್ಕದವರು ರಸೀತಿ ನೋಡಿ ತಮ್ಮ ಔದಾರ್ಯಕ್ಕೆ ತಾವೇ ಬೆರಗಾಗುತ್ತಾರೆ.

ಆ ರಸೀತಿಯ ಬಗ್ಗೆ ಹೇಳಲೇಬೇಕು. ಒಂದೇ ಸಲಕ್ಕೆ 250 ಡಾಲರ್ ಅಥವಾ ಹೆಚ್ಚು ಕೊಟ್ಟವರಿಗೆ ತೆರಿಗೆ ವಿನಾಯಿತಿ ಬೇಕೆಂದರೆ ಚರ್ಚು ಲಿಖಿತ ಪಾವತಿ ಕೊಡಬೇಕು. ಅದರಲ್ಲಿ, ನಿಮ್ಮ ಕಾಣಿಕೆಗೆ ಬದಲಾಗಿ ಅಮೂರ್ತ ಧಾರ್ಮಿಕ ಪ್ರಯೋಜನಗಳನ್ನು ಬಿಟ್ಟು ಬೇರೇನನ್ನೂ ಕೊಟ್ಟಿಲ್ಲ ಎಂಬ ಅರ್ಥದ ವಾಕ್ಯ ಇರುವುದು ವಾಡಿಕೆ. ವರ್ಷವಿಡೀ ಪ್ರಸಂಗ ಕೇಳಿದವರಿಗೆ ಇದರಲ್ಲಿ ತಕರಾರು ಎತ್ತಲು ಏನೂ ಕಾಣುವುದಿಲ್ಲ. ತಕರಾರು ಬರುವುದು ತಾರೀಖಿಗೆ. ಡಿಸೆಂಬರ್ 31ರೊಳಗೆ ಅಂಚೆಗೆ ಹಾಕಿದ ಚೆಕ್ಕು ಆ ವರ್ಷದ್ದು. ಡಿಸೆಂಬರ್ 28 ಎಂದು ಬರೆದು, ಕೋಟಿನ ಜೇಬಿನಲ್ಲಿ ಮರೆತು, ಜನವರಿಯ ಮೊದಲ ಭಾನುವಾರ ತಟ್ಟೆಗೆ ಹಾಕಿದ್ದು ಹೊಸ ವರ್ಷದ್ದು. ಚೆಕ್ಕಿನ ಮೇಲೆ ಏನು ಬರೆದಿದೆ ಎಂದು ಎಷ್ಟು ಸಲ ತೋರಿಸಿದರೂ ಅಷ್ಟೇ.

ತಟ್ಟೆ ಎಣಿಸಲು ಇಬ್ಬರಿರಬೇಕು, ಅವರು ಸಂಬಂಧಿಕರಾಗಿರಬಾರದು, ವಾರವಾರವೂ ಬದಲಾಗುತ್ತಿರಬೇಕು. ಗಂಡ ಹೆಂಡತಿ ಸೇರಿ ಎಣಿಸಿದರೆ ಲೆಕ್ಕದಲ್ಲಿ ಒಬ್ಬರೇ. ಇದರಲ್ಲಿ ಅನುಮಾನದ ಮಾತಿಲ್ಲ, ಎಣಿಸುವವರ ಮರ್ಯಾದೆ ಕಾಯುವ ಉಪಾಯ ಇದು, ಬಹಳ ಒಳ್ಳೆಯ ಉಪಾಯ. ಜೊತೆಗೆ, ತಿಂಗಳಲ್ಲಿ ಒಂದು ಭಾನುವಾರದ ಬಿಡಿ ಕಾಣಿಕೆ ಬಡವರ ಸಹಾಯಕ್ಕೆಂದು ಸಭಾಪಾಲಕರ ಕೈಗೆ ಹೋಗಬೇಕೆಂದು ಚರ್ಚಿನ ಕಾನೂನೇ ಇದೆ. ಅದು ಯಾವ ಭಾನುವಾರ ಎಂಬುದು, ನೀವು ಊಹಿಸಿದ ಹಾಗೆ, ಅಜ್ಜಿಗೆ ಗೊತ್ತು.

ಬಲಿಪೀಠದ ಬಟ್ಟೆ, ಪಾತ್ರೆ ನೋಡಿಕೊಳ್ಳುವ ಆಲ್ಟರ್ ಗಿಲ್ಡ್ ಎಂಬ ಬಳಗದ್ದು ಇನ್ನೊಂದು ಲೋಕ. ಪವಿತ್ರ ಭೋಜನದ ಪಾತ್ರೆಗಳ ಅಡಿಯಲ್ಲಿ ಹಾಸುವ ಚೌಕ ಬಟ್ಟೆಗೆ ಕಾರ್ಪೊರಲ್ ಎಂದು ಹೆಸರು. ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮಡಿಕೆ, ಬಿಚ್ಚಿದರೆ 9 ಚೌಕ. ಒಳಮುಖವಾಗಿಯೇ ಮಡಚಬೇಕು, ರೊಟ್ಟಿಯ ಒಂದು ಚೂರು ಬಿದ್ದಿದ್ದರೂ ಒಳಗೇ ಉಳಿಯಲಿ ಎಂದು. ಪಾತ್ರೆ ತೊಳೆದ ಮೊದಲ ನೀರು ಪಿಸಿನಾ ಎಂಬ ಪುಟ್ಟ ತೊಟ್ಟಿಗೆ. ಅದರ ಕೊಳವೆ ಚರಂಡಿಗೆ ಸೇರದೆ ನೇರ ಮಣ್ಣಿಗಿಳಿಯುತ್ತದೆ. ಹೊಸಬರು ಅದನ್ನು ಸಾಮಾನ್ಯ ಸಿಂಕು ಅಂದುಕೊಂಡು ಕಾಫಿ ಚರಟ ಸುರಿದರೆ ಕಟ್ಟಿಕೊಳ್ಳುತ್ತದೆ, ಪ್ಲಂಬರ್ ಬಂದು ಈ ಕೊಳವೆ ಎಲ್ಲಿಗೂ ಹೋಗುವುದೇ ಇಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತಾನೆ. ಬಟ್ಟೆಗೆ ಬಿದ್ದ ಮೇಣಕ್ಕೆ ಮೊದಲು ಮಂಜುಗಡ್ಡೆ ಇಟ್ಟು ಕೆರೆದು, ಉಳಿದದ್ದನ್ನು ಎರಡು ಕಂದು ಕಾಗದದ ನಡುವೆ ಇಟ್ಟು ಇಸ್ತ್ರಿ ಮಾಡಬೇಕು. ಖಾಲಿ ಕಾಗದ. ಕೈಗೆ ಸಿಕ್ಕಿತೆಂದು ದಿನಪತ್ರಿಕೆ ಇಟ್ಟರೆ ಮೇಣ ಪತ್ರಿಕೆಗೆ ಬರುವಾಗ ಮಸಿ ಬಟ್ಟೆಗೆ ಹೋಗುತ್ತದೆ, ಬಲಿಪೀಠದ ಮೇಲೆ ಷೇರುಪೇಟೆ ಕುಸಿತದ ಸುದ್ದಿ ಕನ್ನಡಿಯಕ್ಷರದಲ್ಲಿ ಮೂಡುತ್ತದೆ. ಈಸ್ಟರ್ ಲಿಲ್ಲಿಯದೂ ಹೀಗೇ. ಹೂ ಅರಳಿದ ಕೂಡಲೇ ಹಳದಿ ಕೇಸರದ ತುದಿಗಳನ್ನು ಚಿವುಟಿ ತೆಗೆಯಬೇಕು. ಮರೆತು ಪರಾಗ ಬಿಳಿ ನಿಲುವಂಗಿಗೆ ಹತ್ತಿದರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬಾರದು, ಒರೆಸಿದಷ್ಟೂ ಹರಡುತ್ತದೆ. ಅಂಟುಪಟ್ಟಿ ಒತ್ತಿ ಎತ್ತಿದರೆ ಬರುತ್ತದೆ.

ಹೆಚ್ಚು ಅಪಾಯಕಾರಿ ಬೂದಿ. ಹಿಂದಿನ ವರ್ಷದ ಗರಿಗಳ ಭಾನುವಾರದ ಒಣಗರಿ ಸುಟ್ಟು, ಹಣೆಗೆ ಬೂದಿಯ ಶಿಲುಬೆ ಹಚ್ಚುವ ‘ಬೂದಿ ಬುಧವಾರ’ಕ್ಕೆ ಬಳಸುವುದು ಪದ್ಧತಿ. ಸುಡುವುದಕ್ಕೆ ಮುಹೂರ್ತ ಅದರ ಹಿಂದಿನ ಮಂಗಳವಾರ, ಪ್ಯಾನ್‌ಕೇಕ್ ಊಟದ ದಿನ. ಹೊರಗೆ ತಗಡಿನ ಡಬ್ಬಿಯಲ್ಲಿ ಸುಡಬೇಕು, ಚಳಿ ಎಂದು ಅಡುಗೆಕೋಣೆಯಲ್ಲಿ ಸುಟ್ಟರೆ ಅಗ್ನಿಶಾಮಕದವರೂ ಊಟಕ್ಕೆ ಬರುತ್ತಾರೆ. ಒಂದು ತೋಳು ಗರಿಗೆ ಸಿಗುವುದು ಒಂದೆರಡು ಚಮಚ ಬೂದಿ. ಅದನ್ನು ಕುಟ್ಟಿ, ಜರಡಿ ಹಿಡಿದು, ಒಣದಾಗಿಯೇ ಅಥವಾ ಒಂದು ಹನಿ ಎಣ್ಣೆ ಹಾಕಿ ಹಚ್ಚಬೇಕು. ನೀರು ಹಾಕಿ ಕಲಸಿಟ್ಟರೆ ಕ್ಷಾರವಾಗುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಬಟ್ಟೆ ಒಗೆಯಲು ಬೂದಿ ನೀರು ಬಳಸುತ್ತಿದ್ದರಲ್ಲ, ಅದೇ ಗುಣ. ಮಣ್ಣಿಗೆ ಮರಳುವೆ ಎಂಬುದನ್ನು ನೆನಪಿಸಲು ಹಾಕಿದ ಶಿಲುಬೆ ಹಣೆಯ ಮೇಲೆ ಕೆಂಪಗೆ ಸುಟ್ಟು ಒಂದು ವಾರ ನೆನಪಿಸುತ್ತಲೇ ಇರುತ್ತದೆ.

ಜನವರಿಯಲ್ಲಿ ವಾರ್ಷಿಕ ಸಭೆ. ಊಟಕ್ಕೆ ಎಲ್ಲರೂ ಒಂದೊಂದು ತರಬೇಕು: ಕುಲನಾಮ ಎ ಇಂದ ಎಚ್ ವರೆಗಿನವರು ಸಲಾಡ್, ಐ ಇಂದ ಪಿ ಬಿಸಿ ಅಡುಗೆ, ಉಳಿದವರು ಸಿಹಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಕುಲನಾಮವಾಗಿ ಕೂತಿರುವ ನಮ್ಮವರು ಯಾವ ಗುಂಪೆಂದು ತಿಳಿಯದೆ ಚಿತ್ರಾನ್ನ ತರುತ್ತಾರೆ, ಮೊದಲು ಖಾಲಿಯಾಗುವುದು ಅದೇ. ಖಜಾಂಚಿ ಲೆಕ್ಕ ಓದುತ್ತಾರೆ. ಜೂನಿಯರ್ ವಾರ್ಡನ್ ಎದ್ದು, ಅಡುಗೆಕೋಣೆಗೆ ಪ್ರತ್ಯೇಕ ಲೈನು ಎಳೆಸಬೇಕು ಎನ್ನುತ್ತಾರೆ. ಯಾರೋ ಅನುಮೋದಿಸುತ್ತಾರೆ. ಇನ್ಯಾರೋ ಮೊದಲು ಚಾವಣಿ ಎನ್ನುತ್ತಾರೆ. ವಿಷಯ ಉಪಸಮಿತಿಗೆ ಹೋಗುತ್ತದೆ. ಅಲ್ಲಿಯವರೆಗಿನ ಏರ್ಪಾಡಾಗಿ, ‘ಎರಡನೇ ಹಂಡೆ ಇಲ್ಲಿ ಹಾಕಬೇಡಿ, ಮೊಗಸಾಲೆಯ ಪ್ಲಗ್ಗಿಗೆ ಹಾಕಿ’ ಎಂದು ಕಾಗದದ ಟೇಪಿನ ಮೇಲೆ ಬರೆದು ಗೋಡೆಗೆ ಅಂಟಿಸುತ್ತಾರೆ, ಸರಿಯಾಗಿ ಮೊದಲನೇ ಹಂಡೆಯ ಹಬೆ ಬಡಿಯುವ ಜಾಗದಲ್ಲಿ. ಮೂರನೇ ಭಾನುವಾರಕ್ಕೆ ಟೇಪಿನ ಒಂದು ತುದಿ ಬಿಟ್ಟುಕೊಂಡಿರುತ್ತದೆ.