ಎಳೆಯಲು ಏನೂ ಇಲ್ಲದವರ ಕೊಂಡಿ

ಮಂಗಳೂರಿನ ಬಿಜೈಯ ಮೀನಿನಂಗಡಿಯ ಎದುರು ಒತ್ತೊತ್ತಾಗಿ ನಿಲ್ಲಿಸಿದ್ದ ಎರಡು ವಾಹನಗಳ ನಡುವೆ ಬಂಗುಡೆಯ ಚೀಲ ಹಿಡಿದು ನುಸುಳುತ್ತಿದ್ದಾಗ, ನನ್ನ ಮೊಣಕಾಲಿನ ಕೆಳಗಿನ ಮೂಳೆಗೆ ಕಬ್ಬಿಣದ ಗುಂಡೊಂದು ಬಡಿಯಿತು. ವಾಹನದ ಒಡೆಯರು ನಮ್ಮ ನೆರೆಮನೆಯವರೇ ಆದ್ದರಿಂದ ಬೈಯುವಂತಿರಲಿಲ್ಲ. "ಪೆಟ್ಟಾಯಿತಾ ಮಾರಾಯ್ರೇ? ಅದು ಟೋ ಹುಕ್. ಮೊನ್ನೆ ಹಾಕಿಸಿದ್ದು, ಬಂಪರಿಗೆ ಸೇಫ್ಟಿ" ಎಂದು ಅವರು ಬಂಪರನ್ನು ಸವರಿ ನೋಡಿದರು. ಬಂಪರಿಗೆ ಏನೂ ಆಗಿರಲಿಲ್ಲ.

ಹದಿನೈದು ವರ್ಷಗಳ ನೋಂದಣಿ ಮುಗಿದು, 5,000 ರೂಪಾಯಿ ಶುಲ್ಕ ಕಟ್ಟಿ, ಇನ್ನೈದು ವರ್ಷಗಳ ಆಯುಷ್ಯ ಪಡೆದ ಹಳೆಯ ಎಸ್‌ಯುವಿ ಅದು. ಅದಕ್ಕೆ ಅಗ್ಗದಲ್ಲಿ ಟೋ ಹುಕ್, ಅಂದರೆ ಹಿಂದೆ ಬಂಡಿ ಸಿಕ್ಕಿಸಿ ಎಳೆಯುವ ಗುಂಡಿನ ಕೊಂಡಿ, ಕೂರಿಸಿದ ಅವರ ಜಾಣ್ಮೆಯನ್ನು ಮೆಚ್ಚಲೇಬೇಕು. ಲೆಕ್ಕಾಚಾರ ಮಾಡಿ ತಯಾರಿಸಿದ ಕೊಂಡಿಯನ್ನು ವಾಹನದ ಅಡಿಚೌಕಟ್ಟಾದ ಚಾಸಿಯ ಎರಡೂ ಬದಿಯ ಉಕ್ಕಿನ ತೊಲೆಗಳಿಗೆ ಗಟ್ಟಿ ಬೋಲ್ಟುಗಳಿಂದ ಬಿಗಿಯುತ್ತಾರೆ ಮತ್ತು ಅದು ಎಷ್ಟು ಭಾರ ತಾಳುತ್ತದೆಂದು ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಇವರದನ್ನು ಗೇಟು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ, ಯಾರದೋ ಗೇಟಿನಿಂದ ಉಳಿದ ಆಂಗಲ್ ತುಂಡುಗಳಿಂದ, ಮೂರೂವರೆ ಸಾವಿರಕ್ಕೆ ಮಾಡಿಸಿ, ಕಡಲ ಗಾಳಿಗೆ ಆಗಲೇ ತುಕ್ಕು ಹಿಡಿದಿದ್ದ ಚಾಸಿಗೆ ನೇರವಾಗಿ ಬೆಸೆದು ಕಪ್ಪು ಬಣ್ಣ ಬಳಿಯಲಾಗಿದೆ. ಗುಂಡಿನ ಅಳತೆ 50 ಮಿಲಿಮೀಟರೋ, ಅಮೆರಿಕದವರ ಎರಡಿಂಚೋ, ಅಂದರೆ 50.8 ಮಿಲಿಮೀಟರೋ ಎಂದು ವಿಚಾರಿಸಿದೆ. "ಎರಡೂ ಒಂದೇ" ಎಂದರು. ಎಳೆಯುವ ಬಂಡಿ ಇದ್ದಿದ್ದರೆ ಒಂದು ಸಡಿಲವಾಗುತ್ತಿತ್ತು, ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಬಂಡಿಯೇ ಇಲ್ಲವಾದ್ದರಿಂದ ಅವರ ಮಾತೇ ಸರಿ.

ನಮ್ಮ ಕರಾವಳಿಯಲ್ಲಿ ಈ ಕೊಂಡಿಗೆ ಸಿಕ್ಕಿಸಿ ಎಳೆಯುವುದಾದರೂ ಏನನ್ನು? ಯಕ್ಷಗಾನ ಮೇಳದ ವೇಷದ ಪೆಟ್ಟಿಗೆಗಳೂ ರಂಗಸ್ಥಳದ ಸಾಮಾನುಗಳೂ ಲಾರಿಯಲ್ಲಿ ಹೋಗುತ್ತವೆ. ಅಡಿಕೆ ಪಿಕಪ್ಪಿನಲ್ಲಿ ಹೋಗುತ್ತದೆ, ಮದುವೆಮನೆಯ ಕೊಪ್ಪರಿಗೆ ಗೂಡ್ಸ್ ರಿಕ್ಷಾದಲ್ಲಿ. ಮಲ್ಪೆಯ ದೋಣಿಯನ್ನು ಈ ಕೊಂಡಿಗೆ ಕಟ್ಟಿದರೆ ದೋಣಿ ದಡದಲ್ಲೇ ಉಳಿದು ಬಂಪರು ಮಾತ್ರ ಮನೆಗೆ ಬಂದೀತು. ಮೇಲಾಗಿ ಕಾನೂನಿನ ಕಣ್ಣಿಗೆ ಟ್ರೇಲರ್ ಕೂಡ ಒಂದು ವಾಹನವೇ. ಅದಕ್ಕೂ ನೋಂದಣಿ ಆಗಬೇಕು. ಅಷ್ಟೆಲ್ಲ ಓಡಾಡುವವರು ಗೂಡ್ಸ್ ರಿಕ್ಷಾವನ್ನೇ ಕರೆಯುತ್ತಾರೆ.

ಕಾನೂನಿನ ಮಾತು ಬಂದಿತೆಂದು ಹೇಳುತ್ತೇನೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ವಾಹನಗಳ ಮುಂದೆ ಅನುಮತಿಯಿಲ್ಲದೆ ಹಾಕಿಸುವ ಕಬ್ಬಿಣದ ಅಡ್ಡಚೌಕಟ್ಟುಗಳ, ಅಂದರೆ ಬುಲ್ ಬಾರುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯು ಅಕ್ರಮ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ಗೊತ್ತುಮಾಡಿತು. ಬುಲ್ ಬಾರನ್ನು ಬಿಚ್ಚಿಸಿದವರ ಸಂತತಿ ಆ ಕಬ್ಬಿಣವನ್ನೇ ಹಿಂದಕ್ಕೆ ಕೊಂಡೊಯ್ದು ಬೆಸೆದಂತಿದೆ. ದೂರವೇನೂ ಅಲ್ಲ, ವಾಹನದ ಒಂದು ತುದಿಯಿಂದ ಇನ್ನೊಂದಕ್ಕೆ. ತಪಾಸಣೆಗೆ ನಿಂತವರು ದಾಖಲೆಗಳನ್ನು ಕೇಳುತ್ತಾರೆ. ಹಿಂದೆ ಬಂದು ನಂಬರ್ ಪ್ಲೇಟಿನ ಅರ್ಧವನ್ನು ಮರೆಮಾಡಿದ ಗುಂಡನ್ನು ನೋಡಿ, ಒಳ್ಳೆಯದಿದೆ, ಎಲ್ಲಿ ಮಾಡಿಸಿದ್ದೆಂದು ವಿಚಾರಿಸುತ್ತಾರೆ.

ನನಗೆ ನಗು ಬರುತ್ತಿಲ್ಲ. ಬಂಪರು ಇರುವುದೇ ಪೆಟ್ಟನ್ನು ತಾನು ತಿಂದು ಜಜ್ಜಿಹೋಗುವುದಕ್ಕೆ. ಕಬ್ಬಿಣದ ಗುಂಡು ಜಜ್ಜಿಹೋಗುವುದಿಲ್ಲ. ಹಿಂದಿನಿಂದ ಬಂದ ಪೆಟ್ಟನ್ನು ನೇರವಾಗಿ ಚಾಸಿಗೂ, ಅಲ್ಲಿಂದ ಒಳಗೆ ಕುಳಿತವರ ಕುತ್ತಿಗೆಗೂ ತಲುಪಿಸುತ್ತದೆ. ನಂತೂರಿನಲ್ಲಿ ಮಳೆಯ ದಿನ ಬ್ರೇಕು ಹಿಡಿಯದೆ ಜಾರಿ ಬರುವ ಸ್ಕೂಟರಿನ ಹುಡುಗಿಯ ಮೊಣಕಾಲು ಸರಿಯಾಗಿ ಆ ಎತ್ತರದಲ್ಲೇ ಇರುತ್ತದೆ. ಎರಡು ಸಾವಿರದ ಪ್ಲಾಸ್ಟಿಕ್ಕನ್ನು ಉಳಿಸಲು ಹೊರಟವರಿಗೆ ಇದನ್ನು ಎಷ್ಟು ಸಲ ಹೇಳುವುದು?

ಕಳೆದ ತಿಂಗಳು ನೆರೆಮನೆಯವರ ವಾಹನ ಶಿರಾಡಿ ಘಾಟಿಯ ತಿರುವಿನಲ್ಲಿ ಕೆಟ್ಟು ನಿಂತಿತು. ಸಕಲೇಶಪುರದ ಕಡೆಯಿಂದ ಕ್ರೇನು ಬಂತು. ಕೆಟ್ಟ ವಾಹನವನ್ನು ಎಳೆದೊಯ್ಯಲು ಹಗ್ಗ ಕಟ್ಟಬೇಕಾದದ್ದು ಮುಂಭಾಗದ ಬಳೆಗೆ. ಅದು ತುಕ್ಕು ತಿಂದು ಎಂದೋ ಉದುರಿಹೋಗಿತ್ತು. ಕ್ರೇನಿನ ಹುಡುಗ ಟಾರ್ಚು ಬಿಟ್ಟು ಸುತ್ತಲೂ ನೋಡಿ ಕೇಳಿದನಂತೆ: "ಹುಕ್ ಹಿಂದೆ ಉಂಟಲ್ಲ ಸರ್, ರಿವರ್ಸಲ್ಲೇ ಎಳೆಯುವುದಾ?"

ಮುಂದುಗಡೆಗೂ ಒಂದು ಮಾಡಿಸಲೆಂದು ಅವರು ಮೊನ್ನೆ ಅದೇ ವೆಲ್ಡಿಂಗ್ ಅಂಗಡಿಗೆ ಅಳತೆ ಕೊಟ್ಟು ಬಂದಿದ್ದಾರೆ.