ಗೋಡೆಯಿಂದ ಗಾಜಿನ ಪೆಟ್ಟಿಗೆಗೆ: ಹೋರಾಟದ ಪೋಸ್ಟರ್ ಕಾದಿಡಬೇಕೆ?

ಪರ

ಇಡಲೇಬೇಕು. ಅದೂ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯಲ್ಲೇ, ಶಿಲ್ಪಗಳ ಪಕ್ಕದಲ್ಲಿ.

ಪೋಸ್ಟರ್ ಮಾಡುವುದು ಕೈಕೆಲಸ. ಅಚ್ಚೊತ್ತಲು ಲಿನೋ ಹಲಗೆಯಲ್ಲಿ (ಮೆತ್ತನೆಯ ಲಿನೋಲಿಯಂ) ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಕೆತ್ತಬೇಕು. ‘ರಾಜ್ಯ’ದ ಯ-ಒತ್ತು ಆಗ ಎಡಕ್ಕೆ ಹೋಗುತ್ತದೆ, ಅವಸರದವರು ಎಡವುವುದು ಅಲ್ಲೇ. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವರಿಗೂ ಒತ್ತಿನದ್ದೇ ಕಾಟ: ಅದು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಬಿಡಬೇಕು, ಆಗ ಹಾಳೆಯಲ್ಲಿ ಘೋಷಣೆಯ ಒಂದು ಸಾಲು ಕಡಿಮೆ. ಕನ್ನಡ ಪೋಸ್ಟರಿನ ಘೋಷಣೆ ಚುಟುಕಾಗಿರುವುದಕ್ಕೆ ಇದೂ ಒಂದು ಕಾರಣ. ಇದು ಕಲೆಯಲ್ಲದಿದ್ದರೆ ಇನ್ನಾವುದು?

ಇತಿಹಾಸ ಬೇಕೆ, ಹಾಳೆಯ ತಳ ನೋಡಿ. 1867ರ ಮುದ್ರಣ ಕಾಯ್ದೆಯ ಪ್ರಕಾರ ಮುದ್ರಕರ ಹೆಸರು, ಊರು ಇರಲೇಬೇಕಿತ್ತು. 1980ರಲ್ಲಿ ರೈತಸಂಘ ಹುಟ್ಟಿದ ಮೇಲೆ ಯಾವ ಪ್ರೆಸ್ಸಿಗೆ ಧೈರ್ಯವಿತ್ತು ಎಂಬುದು ಆ ಇರುವೆಗಾತ್ರದ ಸಾಲಿನಲ್ಲಿದೆ. ಸಾಲು ಇಲ್ಲದಿದ್ದರೆ ಅದೂ ಒಂದು ಸಾಕ್ಷಿಯೇ.

ಇನ್ನು ಅಂಟು. ಲೀಟರ್ ನೀರಿಗೆ ಸುಮಾರು 100 ಗ್ರಾಂ ಮೈದಾ. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿವ ನೀರಿಗೆ ಸುರಿದು, ಬಿಳಿ ಹೋಗಿ ಗಂಜಿಯಂತೆ ಹೊಳೆಯುವವರೆಗೆ ತಿರುವಬೇಕು. ಮಳೆಗಾಲದಲ್ಲಿ ಎರಡು ದಿನಕ್ಕೇ ಹುಳಿ. ಅದಕ್ಕೆ ಹಾಕುವ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಅಡಿಕೆಯವರ ಮನೆಯಲ್ಲಿ ಹೇಗೂ ಇರುತ್ತದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿ ಮಿಕ್ಕಿದ್ದು. ಅದು ಹುಳುವನ್ನು ತಡೆಯುತ್ತದೆ, ಆದರೆ ತಾಮ್ರ ಕಾಗದವನ್ನೇ ಒಳಗಿನಿಂದ ತಿಂದು ಕಂದಾಗಿಸುತ್ತದೆ. ಆದ್ದರಿಂದ ಹಳೆಯ ಪೋಸ್ಟರ್ ಸಿಕ್ಕರೆ ಮೊದಲು ಮೂಲೆಯಲ್ಲಿ ಒಂದು ಹನಿ ನೀರಿಟ್ಟು ಒತ್ತುಕಾಗದದಲ್ಲಿ ಒತ್ತಿ. ಬಣ್ಣ ಬಿಟ್ಟರೆ ನೀರು ತಾಗಿಸಲೇಬಾರದು. ಬಿಡದಿದ್ದರೆ ಹಿಂಬದಿಗೆ ಆವಿ ಹಿಡಿದು ಅಂಟು ಸಡಿಲಿಸಬಹುದು. ಬೆನ್ನಿಗೆ ಹತ್ತಿದ ಸುಣ್ಣದ ಚಕ್ಕೆ ಕೆರೆಯಬೇಡಿ, ಯಾವ ಗೋಡೆಯದೆಂದು ಹೇಳುವುದು ಅದೇ. ಕಾಗದದ ಹುಳಿಗೂ, ಅಂದರೆ ಆಮ್ಲಕ್ಕೂ, ಅದು ಮದ್ದು. ಸೆಲೋಟೇಪು, ಲ್ಯಾಮಿನೇಷನ್ ಎರಡೂ ಶತ್ರುಗಳು. ಲ್ಯಾಮಿನೇಟ್ ಮಾಡಿದ್ದನ್ನು ಬಿಡಿಸಲು ಹೋದರೆ ಅಕ್ಷರವೇ ಎದ್ದುಬರುತ್ತದೆ.

ಪೋಸ್ಟರ್ ಹರಿದುಹೋಗಲೆಂದೇ ಹುಟ್ಟಿದ್ದು ಎನ್ನುವವರಿದ್ದಾರೆ. ಅವರ ಮನೆಯ ಟ್ರಂಕಿನಲ್ಲಿ ಅಜ್ಜನ ಮದುವೆಯ ಕರೆಯೋಲೆ ಯಾಕಿದೆಯೋ!

ವಿರೋಧ

ವಿರೋಧದ ವಾದ ನನ್ನ ಪಾಲಿಗೆ ಬಂದದ್ದು, ಆರಿಸಿಕೊಂಡದ್ದಲ್ಲ. ಆದರೂ ಹೇಳಬೇಕಾದದ್ದಿದೆ.

1968ರ ಮೇನಲ್ಲಿ ಪ್ಯಾರಿಸ್ಸಿನ ಕಲಾಶಾಲೆಯನ್ನು ಹಿಡಿದು ಸ್ಕ್ರೀನ್ ಪ್ರಿಂಟ್ ಪೋಸ್ಟರ್ ತೆಗೆದ ‘ಅತೆಲಿಯೆ ಪೊಪ್ಯುಲೇರ್’ನವರು ಅವನ್ನು ಅಲಂಕಾರಕ್ಕೆ ಬಳಸಬೇಡಿ, ಅವುಗಳ ಜಾಗ ಸಂಘರ್ಷ ನಡೆಯುವಲ್ಲಿ ಎಂದು ತಾವೇ ಹೇಳಿದ್ದರು. ಮಾಡಿದವರ ಮಾತಿಗೆ ಬೆಲೆಯಿಲ್ಲವೆ? ಪರ ಬರೆದವರು ಅಂಟಿನ ಬೋಗುಣಿಯಿಂದ ತಲೆ ಎತ್ತಿದರೆ ಕೇಳಬಹುದು.

ಅದಕ್ಕಿಂತ, ಮಲೆನಾಡಿನ ಹೋರಾಟದ ಚರಿತ್ರೆ ಪೋಸ್ಟರಿನಲ್ಲಿದೆಯೆ? 1951ರ ಕಾಗೋಡು ಸತ್ಯಾಗ್ರಹದ ಮೂಲ ಒಂದು ಕೊಳಗ, ಭತ್ತ ಅಳೆಯುವ ಪಾತ್ರೆ. ಗೇಣಿ ಅಳೆಯಲು ಜಮೀನಿನ ಒಡೆಯರ ದೊಡ್ಡ ಕೊಳಗ ಯಾಕೆ ಎಂಬ ಪ್ರಶ್ನೆಗೆ ಮುದ್ರಿತ ಹಾಳೆ ಬೇಕಿರಲಿಲ್ಲ. ಓದು ಬಾರದ ಗೇಣಿದಾರನಿಗೆ ತಾನು ಸುರಿದ ಭತ್ತ ಕಣ್ಣೆದುರೇ ಇತ್ತು. ರೈತಸಂಘದ ಕಾಲದಲ್ಲೂ ಊರ ಬಾಗಿಲಲ್ಲಿ ನಿಂತದ್ದು ಹಲಗೆ: ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅಪ್ಪಣೆಯಿಲ್ಲದೆ ಒಳಬರಬಾರದು ಎಂದು. ಮಿಕ್ಕದ್ದು ಕೆಮ್ಮಣ್ಣಿನ ಗೋಡೆಬರಹ. ಒಂದೆರಡು ಮಳೆಗಾಲಕ್ಕೆ ಜಂಬಿಟ್ಟಿಗೆಯ ಮೇಲೆ ಪಾಚಿ ಏರಿ ಅದೂ ಇಲ್ಲ. ಕಾಗದ ಉಳಿಯುವುದು ಪ್ರೆಸ್ಸಿದ್ದ ಪೇಟೆಯಲ್ಲಿ. ಪೋಸ್ಟರನ್ನೇ ಸಂಗ್ರಹಿಸಿದರೆ ಪೇಟೆಯವರೇ ಹೋರಾಡಿದಂತೆ ಕಾಣುತ್ತದೆ.

ಪ್ರದರ್ಶನಕ್ಕೆ ಆರಿಸುವುದೂ ಚೆಂದದ್ದನ್ನೇ. ಮಸಿ ಕಲಸಿದ, ಅಕ್ಷರ ತಪ್ಪಿದ ಹಾಳೆ ಗೋದಾಮಿಗೆ.

ಅರಮನೆಯಲ್ಲಿ ಏನಾದರೂ ಇಡಲೇಬೇಕೆಂದರೆ ಎರಡು ಕೊಳಗ ತಂದು ಅಕ್ಕಪಕ್ಕ ಇಡಿ, ಭತ್ತ ತುಂಬಿಸಿ. ಮೈಲುತುತ್ತದ ವಿಚಾರದಲ್ಲಿ ಮಾತ್ರ ತಕರಾರಿಲ್ಲ.